ಸಹಾಯ ಬೇಕು: ಮರುಮದುವೆಯ ಮನೆಗೆ ಬಂದ ಹದಿಹರೆಯದ ಮಕ್ಕಳು

ನಮಸ್ಕಾರ. ಎರಡೂ ಕಡೆ ಮಕ್ಕಳಿರುವ ಮರುಮದುವೆಯ ಪೋಷಕರಿಗಾಗಿ ಒಂದು ಪುಟದ ಕೈಪಿಡಿ ತಯಾರಿಸುತ್ತಿದ್ದೇವೆ. ಈವರೆಗೆ ಬರೆದದ್ದು ಇಷ್ಟು:

ಮೊದಲ ಒಂದೆರಡು ವರ್ಷ ಬೈಯುವುದು, ಮೊಬೈಲ್ ಎತ್ತಿಡುವುದು ಹೆತ್ತವರ ಕೆಲಸವಾಗಿಯೇ ಇರಲಿ. ಸಲುಗೆ ಬೆಳೆಯುವ ಮುಂಚೆ ಮಲತಂದೆ ಶಿಸ್ತಿಗಿಳಿದರೆ 'ನೀವ್ಯಾರು ಕೇಳೋಕೆ?' ಅನ್ನೋ ಮಾತು ಬರುತ್ತೆ, ಅದಾದ ಮೇಲೆ ಹೆಂಡತಿ ಯಾರ ಪರ ಮಾತಾಡಿದರೂ ಜಗಳವೇ. 'ಅಪ್ಪ' ಅನ್ನು ಎಂದು ಒತ್ತಾಯ ಬೇಡ. 'ಅಂಕಲ್' ಸಾಕು, ನೆಂಟರು ಮೂಗು ಮುರಿದರೂ ಸರಿ. ರೂಮು ಹಂಚಿಕೊಳ್ಳುವುದಾದರೆ ಪ್ರತಿ ಮಗುವಿಗೂ ಬೀಗವಿರುವ ಒಂದು ಡ್ರಾಯರ್, ಬೇರೆ ಚಾರ್ಜಿಂಗ್ ಪಾಯಿಂಟ್. ವಾರಕ್ಕೊಮ್ಮೆ ಅರ್ಧ ಗಂಟೆ ಹೆತ್ತ ಅಪ್ಪ ಅಥವಾ ಅಮ್ಮನ ಜೊತೆ ಮಗು ಮಾತ್ರ, ಬೇರೆ ಯಾರೂ ಬೇಡ.

1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಂ ಪ್ರಕಾರ ಮಲತಂದೆ, ಮಲತಾಯಿ ಸಹಜ ಪಾಲಕರಲ್ಲ, ಅಂದರೆ ಕಾನೂನು ಅವರನ್ನು ತಾನಾಗಿಯೇ ಮಗುವಿನ ಪಾಲಕರೆಂದು ಒಪ್ಪುವುದಿಲ್ಲ. ಅರ್ಜಿಗಳಿಗೆ ಸಹಿ ಹಾಕುವ ಮುನ್ನ ಇದು ನೆನಪಿರಲಿ. ಮಗು ಊಟ, ನಿದ್ದೆ ಬಿಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು; ಕನ್ನಡದಲ್ಲೇ ಮಾತಾಡುತ್ತಾರೆ.

ಸಿಕ್ಕಿಹಾಕಿಕೊಂಡಿರೋದು ಎರಡು ಕಡೆ. ಒಂದೇ ಬೆಡ್‌ರೂಮಿನ ಮನೆಯಲ್ಲಿ 15ರ ಹುಡುಗಿ, 16ರ ಹುಡುಗನಿಗೆ ಮಲಗುವ, ಬಟ್ಟೆ ಬದಲಿಸುವ ವ್ಯವಸ್ಥೆ ಹೇಗೆ? ತೀರಿಕೊಂಡ ತಾಯಿಯ ಫೋಟೊ ಹಾಲ್‌ನಲ್ಲೋ, ಮಗುವಿನ ಮೇಜಿನ ಮೇಲೋ? ತಿಥಿಯ ದಿನ ಹೊಸ ಅಮ್ಮ ಅಡುಗೆಗೆ ನಿಲ್ಲಬೇಕೋ, ಬೇಡವೋ? ನಿಮ್ಮ ಮನೆಯಲ್ಲಿ ನಡೆದುಬಂದ ಕ್ರಮ ತಿಳಿಸಿ. ಮಕ್ಕಳ ಹೆಸರು, ಶಾಲೆ ಬರೆಯಬೇಡಿ.