ಪ್ರೊಪೊಫಾಲ್ ಕೊಟ್ಟಾಗ ಇಇಜಿಯಲ್ಲಿ ಆಲ್ಫಾ ಕೆಲವರಲ್ಲಿ ಕಾಣೋದೇ ಇಲ್ಲ, ಯಾಕೆ?

ಮಂಡ್ಯ_ಪಿಜಿ:
ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಅನಸ್ತೇಸಿಯಾ ಪಿಜಿ. ಪ್ರೊಪೊಫಾಲ್ ಅನ್ನೋ ಅರಿವಳಿಕೆ ಚುಚ್ಚುಮದ್ದಿನಿಂದ ಪ್ರಜ್ಞೆ ತಪ್ಪುವಾಗ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ಹೇಗೆ ಬದಲಾಗುತ್ತೆ ಅನ್ನೋದು ಥೀಸಿಸ್. ಎಥಿಕ್ಸ್ ಕಮಿಟಿ ಒಪ್ಪಿಗೆ, ಸಿಟಿಆರ್‌ಐ (ಕ್ಲಿನಿಕಲ್ ಪ್ರಯೋಗಗಳ ರಾಷ್ಟ್ರೀಯ ದಾಖಲೆ) ನೋಂದಣಿ ಆಗಿವೆ, ಈಗ ಪೈಲಟ್ ಹಂತ. ಹಣೆ ಮೇಲೆ ನಾಲ್ಕು ಎಲೆಕ್ಟ್ರೋಡ್, ರೆಫರೆನ್ಸ್ ಕಿವಿ ಹಿಂದಿನ ಮೂಳೆ ಮೇಲೆ, ಸೆಕೆಂಡಿಗೆ 250 ಸ್ಯಾಂಪಲ್. ಮಂಪರಿಗೆ ಮಿಡಜೊಲಾಮ್ 1 ಮಿ.ಗ್ರಾಂ, ನೋವಿಗೆ ಫೆಂಟನಿಲ್ ಕೆ.ಜಿ.ಗೆ 2 ಮೈಕ್ರೋಗ್ರಾಂ, ಪ್ರೊಪೊಫಾಲ್ ಕೆ.ಜಿ.ಗೆ 2 ಮಿ.ಗ್ರಾಂ ಒಂದೇ ಸಲಕ್ಕೆ, ಆಮೇಲೆ ಸ್ನಾಯು ಸಡಿಲಿಸೋಕೆ ವೆಕ್ಯುರೋನಿಯಂ, ಉಸಿರಿನ ಮೂಲಕ ಕೊಡೋ ಅರಿವಳಿಕೆ ಸೆವೋಫ್ಲುರೇನ್.

ವಯಸ್ಸಾದವರಲ್ಲಿ 10 ಹರ್ಟ್ಸ್ ಆಸುಪಾಸಿನ ಆಲ್ಫಾ ಪಟ್ಟಿ ಕಾಣ್ತಾನೇ ಇಲ್ಲ. 30 ಹರ್ಟ್ಸ್ ಮೇಲೆ ಬರೀ ರಾಡಿ. ಕೆಟಮಿನ್ (ಇನ್ನೊಂದು ಅರಿವಳಿಕೆ ಔಷಧಿ) ಸೇರಿಸಿದ ಒಂದು ಕೇಸಲ್ಲಿ ಬಿಸ್ (ಇಇಜಿಯಿಂದ ಅರಿವಳಿಕೆಯ ಆಳ ಲೆಕ್ಕ ಹಾಕೋ ಅಂಕಿ, ಹೆಚ್ಚಾದಷ್ಟೂ ಎಚ್ಚರ) 45ರಿಂದ 68ಕ್ಕೆ ಹತ್ತಿತು, ರೋಗಿ ಮಿಸುಕಾಡಲೂ ಇಲ್ಲ. ಪ್ರಜ್ಞೆ ತಪ್ಪಿದ ಕ್ಷಣ ಅಂತ ಯಾವುದನ್ನ ಗುರುತು ಹಾಕೋದು?

ಓಟಿ_ಮೈಸೂರು:
ಮೊದಲು ಚರ್ಮ ನೋಡಿ ಡಾಕ್ಟ್ರೇ. ನಮ್ಮ ಕಡೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬಾಚಿ, ಹಣೆಗೆ ವಿಭೂತಿ ಇಟ್ಟೇ ಆಪರೇಷನ್‌ಗೆ ಕಳಿಸ್ತಾರೆ. ಸ್ಪಿರಿಟ್ ಹತ್ತಿಯಲ್ಲಿ ಒಂದು ಸಲ ಒರೆಸಿದರೆ ವಿಭೂತಿ ಹೋಗುತ್ತೆ, ಜಿಡ್ಡು ಹೋಗಲ್ಲ. ಹಿಂದಿನ ಸಂಜೆಯೇ ತಲೆಗೆ ನೀರು ಹಾಕಿಕೊಳ್ಳಿ, ಮತ್ತೆ ಎಣ್ಣೆ ಬೇಡ ಅಂತ ವಾರ್ಡಲ್ಲಿ ಹೇಳಿಸಿ. ಬೆಳಿಗ್ಗೆ ಸ್ಪಿರಿಟ್, ಅದು ಪೂರ್ತಿ ಆರಿದ ಮೇಲೆ ನ್ಯೂಪ್ರೆಪ್ ಥರದ ಮರಳು ಜೆಲ್ಲಿನಲ್ಲಿ ಏಳೆಂಟು ಸಲ ಮೆಲ್ಲಗೆ ಉಜ್ಜಿ, ಒರೆಸಿ, ಆಮೇಲೆ ಎಲೆಕ್ಟ್ರೋಡ್. ಇಂಪೀಡೆನ್ಸ್ (ಎಲೆಕ್ಟ್ರೋಡ್-ಚರ್ಮದ ನಡುವಿನ ವಿದ್ಯುತ್ ತಡೆ) 5 ಕಿಲೋಓಮ್ ಒಳಗಿರಲಿ. ಅದಕ್ಕಿಂತ ಮುಖ್ಯ, ಎಲ್ಲವೂ ಹತ್ತಿರ ಹತ್ತಿರ ಇರಬೇಕು. ಒಂದು 2, ಇನ್ನೊಂದು 15 ಇದ್ದರೆ ಆಂಪ್ಲಿಫೈಯರ್‌ಗೆ 50 ಹರ್ಟ್ಸ್ ಕರೆಂಟಿನ ಗುಂಯ್ ಕಳೆಯೋಕೆ ಆಗಲ್ಲ.

30 ಹರ್ಟ್ಸ್ ಮೇಲಿನ ರಾಡಿ ಬಹುತೇಕ ಹಣೆಯ ಸ್ನಾಯುವಿನದು. ವೆಕ್ಯುರೋನಿಯಂ ಹಿಡಿದ ಮೇಲೆ ಮಾಯವಾದರೆ ಅನುಮಾನವೇ ಬೇಡ. ಹಾಗಾಗಿ "ಪ್ರಜ್ಞೆ ತಪ್ಪಿದಾಗ ಗಾಮಾ (30 ಹರ್ಟ್ಸ್ ಮೇಲಿನ ಅಲೆ) ಇಳಿಯಿತು" ಅಂತ ಬರೆಯೋಕೆ ಹೋಗಬೇಡಿ, ಇಳಿಸಿದ್ದು ಸ್ನಾಯು ಸಡಿಲಿಸೋ ಔಷಧಿ. ಪೂರ್ತಿ ಎಚ್ಚರವಿದ್ದ ಸ್ವಯಂಸೇವಕರಿಗೆ ಬರೀ ಆ ಔಷಧಿ ಕೊಟ್ಟಾಗಲೂ ಬಿಸ್ ಬಿದ್ದಿದೆ.

ಕೆಟಮಿನ್ ಕಥೆ ಬೇರೆ. ಅದು ನರಕೋಶದ ಎನ್‌ಎಂಡಿಎ ಗ್ರಾಹಕ ತಡೆಯುತ್ತೆ, ಇಇಜಿಯಲ್ಲಿ 25ರಿಂದ 35 ಹರ್ಟ್ಸ್ ವೇಗದ ಅಲೆ ಏಳುತ್ತೆ, ಬಿಸ್ ಅದನ್ನ ಎಚ್ಚರ ಅಂತ ಓದುತ್ತೆ. ಆ ಅಂಕಿ ನಂಬಿ ಪ್ರೊಪೊಫಾಲ್ ಏರಿಸಿದರೆ ಬಿಪಿ ಬಿತ್ತು ಅಂತಲೇ. ಆ ಕೇಸುಗಳನ್ನ ಈ ಥೀಸಿಸ್‌ನಿಂದ ಹೊರಗಿಡಿ.

ಅಲೆಲೆಕ್ಕ:
ಆಲ್ಫಾ ಇಲ್ಲ ಅಂದ್ರೆ ಅರಿವಳಿಕೆ ಹಗುರ ಅಂದುಕೊಳ್ಳಬೇಡಿ, ಎಷ್ಟೋ ಸಲ ಉಲ್ಟಾ. ಎಪ್ಪತ್ತರ ಅಜ್ಜನಿಗೆ ಕೆ.ಜಿ.ಗೆ 2 ಮಿ.ಗ್ರಾಂ ಒಂದೇ ಸಲಕ್ಕೆ ತಳ್ಳಿದರೆ ಆಲ್ಫಾ ಹಂತ ದಾಟಿ ಸೀದಾ ಬರ್ಸ್ಟ್ ಸಪ್ರೆಷನ್‌ಗೆ ಹೋಗ್ತಾರೆ. ಕಚ್ಚಾ ಅಲೆ ತೆಗೆದು ನೋಡಿ: ಒಂದೆರಡು ಸೆಕೆಂಡು ಗೆರೆ ಎಳೆದ ಹಾಗೆ ಚಪ್ಪಟೆ, ಆಮೇಲೆ ಒಂದು ಗೊಂಚಲು ದೊಡ್ಡ ಅಲೆ, ಮತ್ತೆ ಚಪ್ಪಟೆ. ಆ ವಯಸ್ಸಿಗೆ ಕೆ.ಜಿ.ಗೆ 1ರಿಂದ 1.5 ಮಿ.ಗ್ರಾಂ ಸಾಕಾಗುತ್ತೆ. ನಿಮ್ಮ ಪ್ರಶ್ನೆಗೆ ಒಂದೇ ಸಲಕ್ಕೆ ತಳ್ಳೋ ಬೋಲಸ್ಸೇ ಸರಿಯಲ್ಲ. ಪಂಪಿನಲ್ಲಿ ನಿಧಾನ ಏರಿಸಿದರೆ ತಾನೇ ಬದಲಾವಣೆ ಕಾಣೋದು? ಪ್ರೋಟೋಕಾಲ್ ಬದಲಾದರೆ ಕಮಿಟಿಗೆ ತಿದ್ದುಪಡಿ ಹಾಕಬೇಕು, ನೆನಪಿರಲಿ.

ಇನ್ನೊಂದು ಕಾರಣ ವಯಸ್ಸೇ. ವಯಸ್ಸಾದಂತೆ ಆಲ್ಫಾ ಬಲ ಕುಗ್ಗುತ್ತೆ, ಅಲೆಯ ಬಲವನ್ನ ಬಣ್ಣದಲ್ಲಿ ತೋರಿಸೋ ಚಿತ್ರದಲ್ಲಿ ಮೂವತ್ತರವರ ಕಲರ್ ಸ್ಕೇಲ್ ಹಾಕಿದರೆ ಎಪ್ಪತ್ತರವರದು ನೀಲಿಯಲ್ಲಿ ಮುಳುಗಿಹೋಗುತ್ತೆ. ಪ್ರತಿಯೊಬ್ಬರಿಗೂ ಸ್ಕೇಲ್ ಬೇರೆ ಹಾಕಿ ನೋಡಿ, ಹೋಲಿಸುವಾಗ ಡೆಸಿಬೆಲ್ ಅಂಕಿ ಬಳಸಿ.

ಮಲ್ಟಿಟೇಪರ್‌ಗೆ (ಯಾವ ಹರ್ಟ್ಸ್‌ನಲ್ಲಿ ಎಷ್ಟು ಬಲ ಅಂತ ಲೆಕ್ಕ ಹಾಕೋ ವಿಧಾನ) 4 ಸೆಕೆಂಡ್ ಕಿಟಕಿ, ಟೈಮ್-ಬ್ಯಾಂಡ್‌ವಿಡ್ತ್ 3, ಟೇಪರ್ 5 ಇಟ್ಟರೆ 1.5 ಹರ್ಟ್ಸ್ ಅಗಲದ ರೆಸಲ್ಯೂಷನ್ ಸಿಗುತ್ತೆ. 2 ಸೆಕೆಂಡಿಗೆ ಇಳಿಸಿದರೆ 3 ಹರ್ಟ್ಸ್, ಆಲ್ಫಾ ಹರಡಿಕೊಳ್ಳುತ್ತೆ. 1 ಹರ್ಟ್ಸ್ ಕೆಳಗಿನ ನಿಧಾನ ಅಲೆಗೆ ಈ ಕಿಟಕಿ ಸಾಲದು, ಅದಕ್ಕೆ 30 ಸೆಕೆಂಡಿನದು ಬೇರೆ ಹಾಕಿ. ನಿಧಾನ ಅಲೆ ಸೋಸಿ ತೆಗೆಯೋ ಹೈಪಾಸ್ ಫಿಲ್ಟರ್ 0.5 ಹರ್ಟ್ಸ್‌ಗೆ ಇಟ್ಟುಬಿಟ್ಟು "ನಿಧಾನ ಅಲೆ ಬರಲಿಲ್ಲ" ಅನ್ನೋರೂ ಇದ್ದಾರೆ!

ಮಿಡಜೊಲಾಮ್ ಬಿಡಿ. ಅದೇ ಬೀಟಾ (ಆಲ್ಫಾಗಿಂತ ವೇಗದ ಅಲೆ) ಎಬ್ಬಿಸುತ್ತೆ, ಬೇಸ್‌ಲೈನ್ ಕೆಡುತ್ತೆ.

ಓಟಿ_ಮೈಸೂರು:
ಕ್ಷಣದ ಪ್ರಶ್ನೆಗೆ: ನೀವು ಗುರುತಿಸಬಲ್ಲದ್ದು ಪ್ರತಿಕ್ರಿಯೆ ನಿಂತ ಕ್ಷಣವನ್ನ ಮಾತ್ರ. ಒಳಗೆ ಪ್ರಜ್ಞೆ ಇದೆಯೋ ಇಲ್ಲವೋ ಅದರಿಂದ ಗೊತ್ತಾಗಲ್ಲ. 1977ರಲ್ಲಿ ಟನ್‌ಸ್ಟಾಲ್ ಹೇಳಿದ ಮುಂಗೈ ಪ್ರಯೋಗ ಹುಟ್ಟಿದ್ದೇ ಇದಕ್ಕೆ: ಸಡಿಲಿಸೋ ಔಷಧಿ ಕೊಡುವ ಮುಂಚೆ ಒಂದು ಕೈಗೆ ಬಿಪಿ ಪಟ್ಟಿ ಕಟ್ಟಿ ಸಿಸ್ಟೋಲಿಕ್‌ಗಿಂತ ಮೇಲೆ ಏರಿಸಿದರೆ ಔಷಧಿ ಆ ಕೈಗೆ ಇಳಿಯಲ್ಲ. ಕೇಳಿಸಿಕೊಂಡವರು ಕೈ ಹಿಸುಕಬಲ್ಲರು. ಥೀಸಿಸ್‌ನಲ್ಲಿ "ಪ್ರತಿಕ್ರಿಯೆ ತಪ್ಪಿದ್ದು" ಅಂತಲೇ ಬರೆಯಿರಿ.

"ಕೈ ಗಟ್ಟಿಯಾಗಿ ಹಿಡೀರಿ" ಅಂತ ಒಂದೇ ದನಿಯಲ್ಲಿ ರೆಕಾರ್ಡ್ ಮಾಡಿ, 10 ಸೆಕೆಂಡಿಗೊಮ್ಮೆ ಕೇಳಿಸಿ. ಒಂದು ಸಲ "ಸ್ಕ್ವೀಜ್", ಇನ್ನೊಂದು ಸಲ "ಒತ್ತಿ" ಅಂದರೆ ಅರ್ಥವಾಗದೆ ಸುಮ್ಮನಿದ್ದವರನ್ನೂ ಪ್ರಜ್ಞೆ ತಪ್ಪಿದವರ ಲೆಕ್ಕಕ್ಕೆ ಸೇರಿಸಿಬಿಡ್ತೀರಿ.

ಗಡಿಯಾರ ಮರೀಬೇಡಿ. ಮಾನಿಟರ್, ಪಂಪು, ಲ್ಯಾಪ್‌ಟಾಪ್ ಮೂರೂ ಮೂರು ಸಮಯ ತೋರಿಸುತ್ವೆ. ಶುರುವಿನಲ್ಲಿ ಒಂದು ಎಲೆಕ್ಟ್ರೋಡ್ ಮೇಲೆ ಬೆರಳಿಂದ ಮೂರು ಸಲ ತಟ್ಟಿ, ಅದೇ ಕ್ಷಣಕ್ಕೆ ಮಾರ್ಕರ್ ಒತ್ತಿ. ಇಇಜಿಯಲ್ಲಿ ಮೂರು ಮುಳ್ಳು ಏಳುತ್ವೆ, ಆಮೇಲೆ ಹೊಂದಿಸೋದು ಸುಲಭ.

ಮಂಡ್ಯ_ಪಿಜಿ:
ತುಂಬಾ ಉಪಕಾರ ಆಯ್ತು ಸರ್. ಆಲ್ಫಾ ಹಿಂದಲೆಯಿಂದ ಮುಂದಕ್ಕೆ ಬರುತ್ತೆ ಅನ್ನೋದನ್ನ ಹಣೆಯ ಈ ನಾಲ್ಕು ಎಲೆಕ್ಟ್ರೋಡಲ್ಲೇ ತೋರಿಸಬಹುದಾ? ಸೆವೋಫ್ಲುರೇನ್ ಭಾಗವನ್ನೂ ಸೇರಿಸಲಾ?

ಅಲೆಲೆಕ್ಕ:
ಆಗಲ್ಲ. ಹಿಂದಲೆಯ ಎಲೆಕ್ಟ್ರೋಡ್ ಜಾಗಗಳಾದ ಓ1, ಓ2 ಬೇಕೇ ಬೇಕು. ಕಣ್ಣು ಮುಚ್ಚಿಸಿ ಮೂರು ನಿಮಿಷದ ಬೇಸ್‌ಲೈನ್ ತಗೊಳ್ಳಿ, ಕಣ್ಣು ತೆರೆದರೆ ಹಿಂದಲೆಯ ಆಲ್ಫಾ ಆಗಲೇ ಕುಗ್ಗಿರುತ್ತೆ. ಅಂಗಾತ ಮಲಗಿದಾಗ ತಲೆ ಭಾರಕ್ಕೆ ಆ ಎರಡು ಎಲೆಕ್ಟ್ರೋಡ್ ಜಾರುತ್ವೆ. ತಲೆ ಕೆಳಗೆ ಜೆಲ್ ರಿಂಗ್ ಇಟ್ಟು, ಎಲೆಕ್ಟ್ರೋಡ್ ಅದರ ತೂತಿನೊಳಗೆ ಬರೋ ಹಾಗೆ ಮಾಡಿ. ಕೂದಲು ಸೀಳಿ ಪೇಸ್ಟ್ ಹಚ್ಚೋದು ರೂಢಿಯಿಲ್ಲದಿದ್ದರೆ ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಬೇರಾ ಟೆಸ್ಟ್ (ತಲೆಗೆ ಎಲೆಕ್ಟ್ರೋಡ್ ಹಾಕಿ ಮಾಡೋ ಶ್ರವಣ ಪರೀಕ್ಷೆ) ಮಾಡೋರನ್ನ ಕೇಳಿ, ಚರ್ಮ ತಯಾರಿ ಅವರ ದಿನನಿತ್ಯದ ಕೆಲಸ.

ಸೆವೋಫ್ಲುರೇನ್ ಬೇರೆಯೇ ಇಡಿ. ಅದರಲ್ಲೂ ಆಲ್ಫಾ, ನಿಧಾನ ಅಲೆ ಇರುತ್ವೆ, ಆದರೆ ಪ್ರಮಾಣ ಏರಿದಾಗ 4ರಿಂದ 8 ಹರ್ಟ್ಸ್ ಥೀಟಾ ಜಾಗವೂ ತುಂಬಿಕೊಳ್ಳುತ್ತೆ. ಎರಡೂ ಬೆರೆತ ಹೊತ್ತಿನ ಡೇಟಾ ಯಾವುದರ ಲೆಕ್ಕಕ್ಕೂ ಬರಲ್ಲ, ಸೆವೋಫ್ಲುರೇನ್ ಆವಿ ಬಿಡೋ ವೇಪೊರೈಸರ್ ತಿರುಗಿಸಿದ ಸಮಯಕ್ಕೂ ಒಂದು ಮಾರ್ಕರ್ ಒತ್ತಿ.