ಲೈನ್ ಕಟ್ಟಾದರೆ ಆಕೆಗೆ ತಿರುಗಿ ಫೋನ್ ಮಾಡಬಹುದೇ?

ಪ್ರಶ್ನೆ: ದೌರ್ಜನ್ಯಕ್ಕೊಳಗಾದ ಮಹಿಳೆಯರಿಗಾಗಿ ನಮ್ಮ ಸಂಸ್ಥೆ ಸಹಾಯವಾಣಿ ಶುರು ಮಾಡುತ್ತಿದೆ. ಮಧ್ಯದಲ್ಲಿ ಕರೆ ಕಟ್ಟಾದರೆ ಏನು ಮಾಡಬೇಕು? ಬೇರೆ ಯಾವುದರಲ್ಲಿ ಎಚ್ಚರ ವಹಿಸಬೇಕು?

ಉತ್ತರ 1: ಆಕೆ ಮೊದಲೇ ಒಪ್ಪಿರದಿದ್ದರೆ ತಿರುಗಿ ಫೋನ್ ಮಾಡಲೇಬೇಡಿ. ಶುರುವಿನಲ್ಲೇ ಕೇಳಿಕೊಳ್ಳಿ: ಈಗ ಮಾತಾಡಬಹುದೇ, ಯಾವ ಹೊತ್ತು ಸುರಕ್ಷಿತ, ಬೇರೆಯವರು ಫೋನ್ ಎತ್ತಿದರೆ ಏನು ಹೇಳಬೇಕು. ಸಂಸ್ಥೆಯ ಹೆಸರು ಪರದೆ ಮೇಲೆ ಬರಕೂಡದು.

ಉತ್ತರ 2: ದೌರ್ಜನ್ಯ ಮಾಡುವವನು ಆಕೆಯ ಫೋನಿನ ಲೊಕೇಶನ್ ನೋಡುತ್ತಿದ್ದರೆ, ಅದನ್ನು ತಕ್ಷಣ ಆಫ್ ಮಾಡಿಸಬೇಡಿ. ಥಟ್ಟನೆ ನಿಂತರೆ ಆತನಿಗೆ ಸಂಶಯ ಬರುತ್ತದೆ, ಮನೆ ಬಿಡುವ ಹೊತ್ತೇ ಅತಿ ಅಪಾಯದ್ದು. ಬೇರೆ ಫೋನ್ ಜೊತೆಗೆ ಹೊಸ ಇಮೇಲ್ ಖಾತೆಯೂ ಬೇಕು. ಹಳೆ ಖಾತೆಯಲ್ಲಿ ಲಾಗಿನ್ ಆದರೆ ಹೊಸ ಫೋನೂ ಜಾಡು ಬಿಟ್ಟುಕೊಡುತ್ತದೆ.

ಉತ್ತರ 3: ಮಾನವ ಸಾಗಾಣಿಕೆಯಾದರೆ, ‘ನಾನೇ ಒಪ್ಪಿ ಹೋದೆ’ ಎಂದವಳನ್ನೂ ಕೈಬಿಡಬೇಡಿ. ಬೆದರಿಕೆ, ಮೋಸ ನಡೆದಿದ್ದರೆ 2000ದ ಪಲೆರ್ಮೊ ಪ್ರೋಟೋಕಾಲ್ (ಮಾನವ ಸಾಗಾಣಿಕೆ ತಡೆಯುವ ವಿಶ್ವಸಂಸ್ಥೆಯ ಒಪ್ಪಂದ) ಆ ಒಪ್ಪಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.