ಶಾಲು ಬೇಡ ಅನ್ನುವ ಮೇಷ್ಟ್ರಿಗೆ ಏನು ಕೊಡಲಿ?

ಅರಕಲಗೂಡಿನ ಪಿಟೀಲು:
ಮುಂದಿನ ತಿಂಗಳು ರುದ್ರಪಟ್ಟಣದಲ್ಲಿ ಮೊದಲ ಸಲ ಹಾಡುಗಾರಿಕೆಗೆ ಪಕ್ಕವಾದ್ಯ ನುಡಿಸುತ್ತಿದ್ದೇನೆ. ಹಾಸನದ ನಮ್ಮ ಪಿಟೀಲು ಮೇಷ್ಟ್ರಿಗೆ ಏನಾದರೂ ಕೊಡಬೇಕು ಅಂತ ಆಸೆ. ದುಡ್ಡು ಮುಟ್ಟುವುದಿಲ್ಲ. ಶಾಲು, ಹಾರ ಅಂದರೆ ಸಿಟ್ಟು.

ಒಂಬತ್ತು ವರ್ಷ, ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಪಾಠಕ್ಕೆ ಹೋಗುತ್ತಿದ್ದೆ. ಮಾಯಾಮಾಳವಗೌಳ ರಾಗದ ಜಂಟಿ ವರಸೆಯಲ್ಲೇ, ಅಂದರೆ ಸ್ವರಗಳನ್ನು ಜೋಡಿ ಜೋಡಿಯಾಗಿ ನುಡಿಸುವ ಆರಂಭದ ಪಾಠದಲ್ಲೇ, ಹದಿನಾಲ್ಕು ತಿಂಗಳು ಕೂರಿಸಿದರು. ಸಸ ರಿರಿ ಗಗ ಮಮ. ಜೋಡಿಯಲ್ಲಿ ಎರಡನೇ ಸ್ವರಕ್ಕೆ ಕೆಳಗಿನಿಂದ ಒತ್ತು ಬರಬೇಕು. ನನ್ನದು ಸುಮ್ನೆ ಎರಡು ಸಲ ನುಡಿದ ಹಾಗೆ ಕೇಳುತ್ತಿತ್ತು. "ಬೆರಳು ನುಡಿಸ್ತಿದೆ, ಕಿವಿ ಎಲ್ಲಿದೆ?" ಅನ್ನುತ್ತಿದ್ದರು. ಜೊತೆಗೆ ಸೇರಿದವರೆಲ್ಲ ವರ್ಣದಂಥ ಮುಂದಿನ ಪಾಠಕ್ಕೆ ಹೋದರು. ನಾನು ಬಸ್ಸಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತಿದ್ದೇನೆ.

ವೀಣೆಗಿರುವಂತೆ ಪಿಟೀಲಿಗೆ ಮೆಟ್ಟಿಲುಗಳಿಲ್ಲ. ಸ್ವರ ಎಲ್ಲಿದೆ ಅಂತ ಕಿವಿಯೇ ಹೇಳಬೇಕು. ಈಗ ಹಾಡುವವರು ಆಲಾಪನೆ ಶುರು ಮಾಡಿದರೆ ನನ್ನ ಬೆರಳು ತಾನಾಗಿ ಅವರ ಹಿಂದೆ ಹೋಗುತ್ತದೆ. ಆ ಹದಿನಾಲ್ಕು ತಿಂಗಳು ಕೊಟ್ಟಿದ್ದು ಅದು. ಮೇಷ್ಟ್ರ ಕೈ ಈಗ ನಡುಗುತ್ತದೆ. ಎರಡು ವರ್ಷದಿಂದ ಕಮಾನು ಹಿಡಿದಿಲ್ಲ. ಏನು ಮಾಡಲಿ, ಹೇಳಿ.

ಚಿಕ್ಕಮಗಳೂರಿನ ಮೃದಂಗ:
ನಮ್ಮ ಗುರುಗಳು ತೀರಿಕೊಂಡ ಮೇಲೆ ಟ್ರಂಕು ತೆಗೆದೆವು. ತುಂಬಾ ಶಾಲುಗಳು, ಮಡಿಕೆಯೇ ಬಿಚ್ಚಿರಲಿಲ್ಲ. ನನ್ನ ಕಛೇರಿಗೆ ಒಂದು ಸಲವೂ ಅವರನ್ನು ಕರೆದುಕೊಂಡು ಹೋಗಲಿಲ್ಲ. ಅವರೆದುರು ತಾಳ ತಪ್ಪಿದರೆ ಅನ್ನುವ ಭಯ. ನಿಮಗೂ ಇರುತ್ತದೆ. ಆದರೂ ಕರೆಯಿರಿ.

ಸಕಲೇಶಪುರದವನು:
ರುದ್ರಪಟ್ಟಣ ಅಂದರೆ ಹಾಡುಗಾರ ಆರ್.ಕೆ. ಶ್ರೀಕಂಠನ್ ಅವರು 1920ರಲ್ಲಿ ಹುಟ್ಟಿದ ಊರು ಅಲ್ವಾ? ಕಾವೇರಿ ದಂಡೆ, ತಂಬೂರಿ ಆಕಾರದ ಮಂದಿರ. ಮೇಷ್ಟ್ರಿಗೆ ಖಂಡಿತ ಖುಷಿಯಾಗುತ್ತದೆ. ಬಸ್ಸು ಬೇಡ, ಕಾರು ಮಾಡಿ. ನೆಲದ ಮೇಲೆ ಕೂರುವುದು ಕಷ್ಟ ಆಗಬಹುದು, ಮುಂದೆ ಒಂದು ಕುರ್ಚಿ ಹಾಕಿಸಿ.

ಅರಕಲಗೂಡಿನ ಪಿಟೀಲು:
ಇಬ್ಬರಿಗೂ ಥ್ಯಾಂಕ್ಸ್. ಭಾನುವಾರ ಹೋಗಿದ್ದೆ. ಕಾರು ತರುತ್ತೇನೆ, ನೀವು ಬರಲೇಬೇಕು ಸಾರ್ ಅಂದೆ. ಉತ್ತರ ಕೊಡಲಿಲ್ಲ. "ಜಂಟಿ ನುಡಿಸು, ಮೂರು ಕಾಲ" ಅಂದರು, ಅಂದರೆ ಮೂರು ವೇಗದಲ್ಲಿ. ನುಡಿಸಿದೆ. ಮೂರನೇ ಕಾಲದಲ್ಲಿ 'ದದ' ಬಂದಾಗ ಬೆರಳೆತ್ತಿದರು. ಮೊದಲಿಂದ ನುಡಿಸಿದೆ. ಈ ಸಲ ಬೆರಳು ಏಳಲಿಲ್ಲ. ಕಣ್ಣು ಮುಚ್ಚಿ ಕೂತೇ ಇದ್ದರು, ಮೇಷ್ಟ್ರ ಮನೆ ಅಮ್ಮ ತಂದಿಟ್ಟ ಕಾಫಿ ಆರಿಹೋಯಿತು. ಆಮೇಲೆ ಕೇಳಿದರು, "ಕಾರು ಎಷ್ಟು ಗಂಟೆಗೆ ಬರತ್ತೆ?"